ಕೃಷಿಕನ ವರ್ಕ್‌ಶಾಪಿಗೆ ಹಳೆ ಯಂತ್ರ: ಯಾವುದು ಕೊಳ್ಳಬಹುದು, ಯಾವುದು ಬೇಡ?

ತೋಟದ ಕೆಲಸದಲ್ಲಿ ಸಣ್ಣಪುಟ್ಟ ರಿಪೇರಿ ತಪ್ಪಿದ್ದಲ್ಲ. ಸ್ಪ್ರೇಯರಿನ ಸ್ಟ್ಯಾಂಡ್ ಬಿರುಕು ಬಿಡುತ್ತದೆ, ಕೈಗಾಡಿಯ ಅಚ್ಚು ಸವೆಯುತ್ತದೆ, ಗೇಟಿನ ತಿರುಗಣೆ ಕಳಚುತ್ತದೆ. ಐದು ನಿಮಿಷದ ಕೆಲಸಕ್ಕೆ ಪೇಟೆಗೆ ಹೋಗಿ ಬರುವಾಗ ಅರ್ಧ ದಿನ ಹೋಯಿತು. ಬೇರೆ ಸಮಯದಲ್ಲಾದರೆ ಸುಧಾರಿಸಬಹುದು. ಮಳೆಗಾಲದಲ್ಲಿ ಎರಡು ದಿನ ಹೊಳವಾಗಿ, ಬೋರ್ಡೋ ಬಿಡುವ ಜನ ಬಂದು ನಿಂತಿರುವಾಗ ಪಂಪು ಕೈಕೊಟ್ಟರೆ? ಕೊಳೆರೋಗ ನಮ್ಮ ರಿಪೇರಿ ಮುಗಿಯಲಿ ಅಂತ ಕಾಯುವುದಿಲ್ಲ.

ಹಾಗಾಗಿ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಅದರಲ್ಲಿರುವ ಹೆಚ್ಚಿನ ಯಂತ್ರಗಳು ಹಳತು. ಹಳೆ ಯಂತ್ರ ಕೊಳ್ಳುವಾಗ ಏನು ನೋಡಬೇಕು ಅಂತ ಹಲವರು ಕೇಳುತ್ತಾರೆ. ನನ್ನ ಉತ್ತರ ಒಂದೇ: ಸವೆತ ನೋಡಿ, ಬಣ್ಣ ನೋಡಬೇಡಿ. ಸವೆತದಲ್ಲಿ ಎರಡು ಜಾತಿ ಉಂಟು. ಬೇರಿಂಗ್, ಬೆಲ್ಟ್, ಚಕ್, ಕೆಪಾಸಿಟರ್, ಸ್ವಿಚ್ಚು ಬದಲಿಸಬಹುದಾದದ್ದು. ಒಡೆದ ಬೀಡು ಕಬ್ಬಿಣ, ಬಾಗಿದ ಸ್ಪಿಂಡಲ್, ಸವೆದ ಬೆಡ್ ನಮ್ಮಿಂದ ಸರಿಯಾಗದ್ದು. ಮೊದಲನೆಯ ಜಾತಿಯದಾದರೆ ಚೌಕಾಸಿ ಮಾಡಿ ತನ್ನಿ. ಎರಡನೆಯದಾದರೆ ಪುಕ್ಕಟೆ ಕೊಟ್ಟರೂ ಬೇಡ.

ಮೊದಲು ಕರೆಂಟಿನ ಲೆಕ್ಕ

ಕಾರ್ಖಾನೆಯಿಂದ ಹೊರಬೀಳುವ ಯಂತ್ರಗಳಲ್ಲಿ ಹೆಚ್ಚಿನವು ತ್ರೀ ಫೇಸಿನವು. ಮನೆಗಳಲ್ಲಿರುವುದು ಸಾಮಾನ್ಯವಾಗಿ ಸಿಂಗಲ್ ಫೇಸ್. ‘ಪಂಪಿನ ಲೈನು ಉಂಟಲ್ಲ, ಅದರಿಂದಲೇ ಎಳೆದರಾಯಿತು’ ಅನ್ನುವವರಿದ್ದಾರೆ. ಪಂಪಿಗೆಂದು ಮಂಜೂರಾದ ಕರೆಂಟನ್ನು ಬೇರೆ ಕೆಲಸಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅನಧಿಕೃತ, ದಂಡ ಕಟ್ಟಬೇಕಾಗುತ್ತದೆ. ಮೇಲಾಗಿ ನಮಗೆ ಬೇಕಾದ ಹೊತ್ತಿಗೆ ಆ ಲೈನಿನಲ್ಲಿ ತ್ರೀ ಫೇಸ್ ಇರುವುದಿಲ್ಲ.

ಮೋಟರಿನ ತಗಡಿನಲ್ಲಿ ವೋಲ್ಟ್, ಫೇಸ್, ಎಚ್‌ಪಿ, ಆರ್‌ಪಿಎಂ ಬರೆದಿರುತ್ತದೆ. ಮೊದಲು ಅದನ್ನು ಓದಿ. ಬೆಲ್ಟಿನಿಂದ ತಿರುಗುವ ಯಂತ್ರವಾದರೆ ಹೆದರಬೇಕಾಗಿಲ್ಲ, ಮೋಟರು ಬದಲಿಸಬಹುದು. ಆರ್‌ಪಿಎಂ ಅದೇ ಇರಲಿ, ಪುಲ್ಲಿ ಕೂರುವ ಶಾಫ್ಟಿನ ದಪ್ಪ ಹೊಂದಲಿ, ತಿರುಗುವ ದಿಕ್ಕು ಸರಿಯಿರಲಿ. ನನ್ನ ಡ್ರಿಲ್ಲಿಂಗ್ ಮೆಷಿನ್ ಮುಚ್ಚಿದ ಒಂದು ವರ್ಕ್‌ಶಾಪಿನಿಂದ ಬಂದದ್ದು. ತ್ರೀ ಫೇಸ್ ಮೋಟರು ತೆಗೆದು ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಹಾಕಿದೆ, ಎರಡು ಬೇರಿಂಗ್ ಬದಲಿಸಿದೆ. ಹನ್ನೊಂದು ವರ್ಷದಿಂದ ತೊಂದರೆ ಕೊಡದೆ ಓಡುತ್ತಿದೆ. ಮೋಟರಿನ ಖರ್ಚನ್ನು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿದಿದ್ದೆ.

ವೈಸ್

ಮೊದಲು ಕೊಳ್ಳಬೇಕಾದದ್ದು ಇದನ್ನು. ಕರೆಂಟು ಬೇಡ, ಆದರೆ ಇದಿಲ್ಲದೆ ಉಳಿದ ಯಾವ ಕೆಲಸವೂ ನೆಟ್ಟಗಾಗುವುದಿಲ್ಲ. ನಮ್ಮ ಕೆಲಸಕ್ಕೆ ನಾಲ್ಕರಿಂದ ಆರು ಇಂಚಿನ ದವಡೆ ಸಾಕು.

ಹ್ಯಾಂಡಲ್ ತಿರುಗಿಸಿ ನೋಡಿ. ದವಡೆ ಅಲುಗುವ ಮೊದಲು ಅರ್ಧ ಸುತ್ತು ಖಾಲಿ ತಿರುಗಿದರೆ ಒಳಗಿನ ನಟ್ಟು ಸವೆದಿದೆ. ದವಡೆ ಪೂರ್ತಿ ಮುಚ್ಚಿ ಹಿಂದಿನಿಂದ ಟಾರ್ಚು ಹಿಡಿಯಿರಿ. ಒಂದು ಬದಿಯಲ್ಲಿ ಮಾತ್ರ ಬೆಳಕು ಕಂಡರೆ ದವಡೆ ಓರೆ. ದವಡೆಯ ಪಟ್ಟಿ ಸ್ಕ್ರೂನಲ್ಲಿ ಕೂತಿರುತ್ತದೆ, ಬದಲಿಸಬಹುದು. ಆಮೇಲೆ ಸಣ್ಣ ಸುತ್ತಿಗೆಯಿಂದ ಮೈಗೆ ತಟ್ಟಿ. ಬಿರುಕು ಇದ್ದರೆ ಒಡಕು ಮಡಕೆಯ ಸದ್ದು ಬರುತ್ತದೆ. ಬೀಡಿಗೆ ವೆಲ್ಡಿಂಗ್ ಹಿಡಿಸುವುದು ಕಷ್ಟ, ಹಿಡಿದರೂ ಬಿಗಿ ಹಾಕುವಾಗ ನಂಬುವ ಹಾಗಿಲ್ಲ. ಹೊಸ ಬಣ್ಣದಡಿ ಪುಟ್ಟಿ ಮೆತ್ತಿದ ಗುರುತು ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಡ್ರಿಲ್ಲಿಂಗ್ ಮೆಷಿನ್

13 ಮಿ.ಮೀ. ಚಕ್ ಇರುವ ಬೆಂಚ್ ಡ್ರಿಲ್ ನಮಗೆ ಧಾರಾಳ. ಚಕ್ಕಿಗೆ ಹೊಸ, ನೆಟ್ಟಗಿನ ಬಿಟ್ ಹಾಕಿ ಕೈಯಿಂದಲೇ ನಿಧಾನ ತಿರುಗಿಸಿ. ಬಿಟ್ಟಿನ ಪಕ್ಕದಲ್ಲಿ ಒಂದು ಸರಿಗೆಯ ತುದಿ ಹಿಡಿದಿರಿ. ಎಡೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದರೆ ಬಿಟ್ ಓಲಾಡುತ್ತಿದೆ. ಚಕ್ ಕಳಚಿಸಿ ಸ್ಪಿಂಡಲಿಗೇ ಸರಿಗೆ ಹಿಡಿದು ನೋಡಿ. ಸ್ಪಿಂಡಲ್ ಸರಿಯಿದ್ದರೆ ದೋಷ ಚಕ್ಕಿನದ್ದು, ಹೊಸ ಚಕ್ ಸಿಗುತ್ತದೆ. ಸ್ಪಿಂಡಲೇ ಓಲಾಡಿದರೆ ಬೇಡ.

ಮತ್ತೆ ಹಿಡಿಕೆ ಎಳೆದು ಸ್ಪಿಂಡಲನ್ನು ಪೂರ್ತಿ ಕೆಳಗಿಳಿಸಿ, ಚಕ್ ಹಿಡಿದು ಆಚೀಚೆ ಅಲುಗಿಸಿ. ಕೈಗೆ ಗೊತ್ತಾಗುವಷ್ಟು ‘ಟಕ್ ಟಕ್’ ಇದ್ದರೆ ಅದರ ಕೊಳವೆ ಸವೆದಿದೆ. ಅಂಥದರಲ್ಲಿ ತೂತು ಉರುಟಾಗಿ ಬರುವುದಿಲ್ಲ.

ನಿಧಾನದ ವೇಗ ಸಿಗುತ್ತದೋ ನೋಡಿ. ಮೆತ್ತನೆಯ ಕಬ್ಬಿಣಕ್ಕೆ 6 ಮಿ.ಮೀ. ತೂತಿಗೆ ಸುಮಾರು 1300 ಆರ್‌ಪಿಎಂ ಆದರೆ, 12 ಮಿ.ಮೀ.ಗೆ ಅದರ ಅರ್ಧ ಸಾಕು. ಹಂತದ ಪುಲ್ಲಿ ಇರಲೇಬೇಕು. ಒಂದೇ ವೇಗದ ಯಂತ್ರ ದಪ್ಪ ಬಿಟ್ಟುಗಳನ್ನು ಸುಡುತ್ತದೆ.

ಗ್ರೈಂಡರ್

ಕತ್ತಿ, ಕೊಡಲಿ, ಡ್ರಿಲ್ ಬಿಟ್ ಹರಿತ ಮಾಡಲಿಕ್ಕೆ ಆರು ಇಂಚಿನದು ಸಾಕು. ಇದರಲ್ಲಿ ಹಣಕ್ಕಿಂತ ಕಣ್ಣು ಮುಖ್ಯ. ಆರು ಇಂಚಿನ ಕಲ್ಲು 2800 ಆರ್‌ಪಿಎಂನಲ್ಲಿ ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ 80 ಕಿ.ಮೀ. ಹತ್ತಿರ. ಆ ಹೊತ್ತಿಗೆ ಕಲ್ಲು ಒಡೆದರೆ ಚೂರು ಬರುವುದು ಮುಖಕ್ಕೇ.

ಹಾಗಾಗಿ ಹಳೆ ಗ್ರೈಂಡರಿನ ಜೊತೆ ಬಂದ ಕಲ್ಲನ್ನು ಕಣ್ಣುಮುಚ್ಚಿ ಬಳಸಬೇಡಿ. ಕಳಚಿ, ನಡುವಿನ ತೂತಿಗೆ ಬೆರಳು ತೂರಿಸಿ ನೇತಾಡಿಸಿ, ಮರದ ಹಿಡಿಯಿಂದ ಮೆಲ್ಲ ತಟ್ಟಿ. ‘ಟಿಣ್’ ಅಂದರೆ ಸರಿ, ‘ಟಪ್’ ಅಂದರೆ ಒಡಕು, ಎಸೆಯಿರಿ. ‘ಟಿಣ್’ ಅಂದರೂ ಕಲ್ಲಿನ ಮೇಲೆ ಬರೆದ ಆರ್‌ಪಿಎಂ ಮೋಟರಿನದಕ್ಕಿಂತ ಹೆಚ್ಚಿರಬೇಕು. ಕಲ್ಲಿನ ಸುತ್ತ ಕವಚ ಇಲ್ಲದ ಗ್ರೈಂಡರ್ ಬೇಡವೇ ಬೇಡ. ಸ್ವಿಚ್ ಆಫ್ ಮಾಡಿದ ಮೇಲೆ ಒಳ್ಳೆಯ ಗ್ರೈಂಡರ್ ತುಂಬ ಹೊತ್ತು ಸದ್ದಿಲ್ಲದೆ ತಿರುಗುತ್ತದೆ. ಕರಕರ ಸದ್ದು ಬಂದರೆ ಬೇರಿಂಗ್ ಹೋಗಿದೆ, ಅದನ್ನು ಬದಲಿಸಬಹುದು.

ವೆಲ್ಡಿಂಗ್ ಸೆಟ್

ಹಳೆಯ ಟ್ರಾನ್ಸ್‌ಫಾರ್ಮರ್ ಸೆಟ್ಟುಗಳಲ್ಲಿ ಎಷ್ಟೋ ಎರಡು ಫೇಸಿನ ನಡುವೆ, 415 ವೋಲ್ಟಿಗೆ ಜೋಡಿಸುವಂಥವು. ಮನೆಯ ಲೈನಿನಲ್ಲಿ ಅವು ಕೆಲಸಕ್ಕೆ ಬಾರವು. ಸಿಂಗಲ್ ಫೇಸಿನದಾದರೂ ಕರೆಂಟು ತುಂಬ ಎಳೆಯುತ್ತವೆ, ಲೈನಿನ ತುದಿಯಲ್ಲಿರುವ ನಮ್ಮಂಥವರ ಮನೆಯಲ್ಲಿ ದೀಪ ಮಂಕಾಗುತ್ತದೆ. ಕೊಳ್ಳುವುದೇ ಆದರೆ ಒಳಗಿನ ತಂತಿ ತಾಮ್ರದ್ದೋ ಅಲ್ಯೂಮಿನಿಯಮಿನದ್ದೋ ಕೇಳಿ. ಟರ್ಮಿನಲಿನ ಹತ್ತಿರ ಸ್ವಲ್ಪ ಕೆರೆದರೆ ಕೆಂಪೋ ಬಿಳಿಯೋ ಗೊತ್ತಾಗುತ್ತದೆ.

ಈಗ ಬರುವ ಇನ್ವರ್ಟರ್ ಸೆಟ್ಟು ಹಗುರ, ಅಷ್ಟೇ ಕೆಲಸಕ್ಕೆ ಕರೆಂಟೂ ಕಡಿಮೆ ಎಳೆಯುತ್ತದೆ. ಆದರೆ ಅದರೊಳಗಿರುವುದು ಎಲೆಕ್ಟ್ರಾನಿಕ್ ಬೋರ್ಡು. ಹಳೆಯದಾದರೆ ಎಷ್ಟು ಆಯುಸ್ಸು ಉಳಿದಿದೆ ಅಂತ ನೋಡಿ ಹೇಳಲಿಕ್ಕೆ ಆಗದು. ವೆಲ್ಡಿಂಗ್ ಸೆಟ್ ಒಂದನ್ನು ಗ್ಯಾರಂಟಿ ಸಮೇತ ಹೊಸತೇ ಕೊಳ್ಳಿ ಅನ್ನುತ್ತೇನೆ.

ಲೇತ್ ಬೇಕೇ?

ಆಸೆ ಹುಟ್ಟಿಸುವ ಯಂತ್ರ. ಹರಿಹರದಲ್ಲಿ 1941ರಲ್ಲಿ ಸುರುವಾದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಸುರುವಾದ ಎಚ್‌ಎಂಟಿ – ಇವುಗಳ ಹಳೆ ಲೇತ್ ಅಂದರೆ ಇಂದಿಗೂ ಗೌರವ. ಆದರೆ ಹೆಸರು ಎಷ್ಟು ದೊಡ್ಡದಾದರೂ ದಶಕಗಟ್ಟಲೆ ದುಡಿದ ಬೆಡ್ ಸವೆಯದೆ ಇರುವುದಿಲ್ಲ. ಸವೆಯುವುದು ಹೆಚ್ಚಾಗಿ ಚಕ್ಕಿನ ಬಳಿ, ಏಕೆಂದರೆ ಕೆಲಸವೆಲ್ಲ ಅಲ್ಲೇ ನಡೆಯುವುದು. ಪರೀಕ್ಷೆ ಹೀಗೆ: ಬೆಡ್ಡಿನ ಮೇಲೆ ಓಡುವ ಸ್ಯಾಡಲನ್ನು ಚಕ್ಕಿನ ಹತ್ತಿರ ತಂದು, ತುಸು ಬಿಗಿಯಾಗಿ ಸರಿಯುವಷ್ಟು ಅದರ ಸ್ಕ್ರೂ ಬಿಗಿ ಮಾಡಿ. ಮತ್ತೆ ಇನ್ನೊಂದು ತುದಿಗೆ ಒಯ್ಯಿರಿ. ಅಲ್ಲಿ ಸಿಕ್ಕಿಹಾಕಿಕೊಂಡರೆ ಬೆಡ್ ಸವೆದಿದೆ. ಅದನ್ನು ಮತ್ತೆ ಗ್ರೈಂಡ್ ಮಾಡಿಸುವುದು ದೊಡ್ಡ ಕಾರ್ಖಾನೆಯ ಕೆಲಸ.

ನನ್ನ ಮಟ್ಟಿಗೆ ಹೇಳುವುದಾದರೆ ಸಣ್ಣ ಕೃಷಿಕನಿಗೆ ಲೇತ್ ಬೇಡ. ವರ್ಷಕ್ಕೆ ನಾಲ್ಕು ಬುಶ್ ಕಡೆಯಲಿಕ್ಕೆ ಅಷ್ಟು ಹಣ, ಅಷ್ಟು ಜಾಗ ಯಾಕೆ? ಅದು ಪೇಟೆಯ ಟರ್ನರ್ ಹತ್ತಿರವೇ ಇರಲಿ. ಬೇಗ ಸವೆಯುವ ಬುಶ್ಶುಗಳನ್ನು ಬೇಸಗೆಯಲ್ಲೇ ಎರಡೆರಡು ಕಡೆಸಿ ಇಟ್ಟರೆ ಮಳೆಗಾಲದ ತಲೆಬಿಸಿ ಇಲ್ಲ.

ಬೆಲೆ ಮಾತಾಡುವಾಗ

ಮುಚ್ಚುವ ವರ್ಕ್‌ಶಾಪಿನವರಿಂದ ಕೊಳ್ಳುವುದು ಒಳ್ಳೆಯದು, ಯಂತ್ರ ಓಡುವಾಗಲೇ ನೋಡಬಹುದು. ಗುಜರಿಯಲ್ಲಿ ಅಗ್ಗ, ಆದರೆ ಓಡಿಸಿ ತೋರಿಸುವವರಿಲ್ಲ. ಹರಾಜಿನಲ್ಲಿ ‘ಇದ್ದಲ್ಲಿ, ಇದ್ದ ಹಾಗೆ’ ಎಂಬ ಷರತ್ತು ಇರುತ್ತದೆ, ಆಮೇಲೆ ದೂರುವ ಹಾಗಿಲ್ಲ. ‘ಈಗ ಕರೆಂಟಿಲ್ಲ, ಯಂತ್ರ ಒಳ್ಳೆದುಂಟು, ತೆಕ್ಕೊಂಡು ಹೋಗಿ’ ಅಂದರೆ ‘ಕರೆಂಟು ಬಂದಾಗ ಬರುತ್ತೇನೆ’ ಅಂತ ಹೇಳಿ ಬನ್ನಿ.

ಯಂತ್ರದ ತೂಕಕ್ಕೆ ಅಂದಿನ ಗುಜರಿ ದರ ಹಾಕಿದರೆ ಸಿಗುವುದು ತಳದ ಬೆಲೆ. ಅದಕ್ಕಿಂತ ಕಡಿಮೆಗೆ ಯಾರೂ ಕೊಡಲಾರರು. ಕೊಟ್ಟ ಬೆಲೆ, ಸಾಗಾಟ, ರಿಪೇರಿ ಮೂರೂ ಸೇರಿ ಹೊಸತರ ಅರ್ಧ ದಾಟಿದರೆ ನಾನು ಹಿಂದೆ ಸರಿಯುತ್ತೇನೆ.

ಹೋಗುವಾಗ ಕೈಚೀಲದಲ್ಲಿ ಇರಲಿ: ಟಾರ್ಚು, ಸಣ್ಣ ಸುತ್ತಿಗೆ, ಹೊಸ ಡ್ರಿಲ್ ಬಿಟ್, ತುಂಡು ಸರಿಗೆ, ಸ್ಕ್ರೂಡ್ರೈವರ್, ಲೈನ್ ಟೆಸ್ಟರ್. ಯಂತ್ರ ಓಡುವಾಗ ಮೈಗೆ ಟೆಸ್ಟರ್ ಮುಟ್ಟಿಸಿ. ದೀಪ ಉರಿದರೆ ಅರ್ಥಿಂಗ್ ಇಲ್ಲ ಅಥವಾ ಕರೆಂಟು ಸೋರುತ್ತಿದೆ, ಕಾರಣ ತಿಳಿಯದೆ ಮನೆಗೆ ತರಬೇಡಿ.

ತಂದ ಮೇಲೆ ಅರ್ಥಿಂಗ್ ಮಾಡಿಸಿ, ಒಂದು ಕನ್ನಡಕ ಕೊಳ್ಳಿ. ಡ್ರಿಲ್ಲಿನ ಮುಂದೆ ನಿಲ್ಲುವಾಗ ಹೆಗಲ ಬೈರಾಸು ತೆಗೆದಿಡಿ, ಕೈಗವಸು ಬೇಡ, ಲುಂಗಿ ಎತ್ತಿ ಕಟ್ಟಿ. ತೂತು ಕೊರೆಯುವ ತುಂಡನ್ನು ಕೈಯಲ್ಲಿ ಹಿಡಿಯದೆ ವೈಸಿನಲ್ಲಿ ಬಿಗಿಯಿರಿ. ಯಂತ್ರದ ಬೇರಿಂಗ್ ಹೋದರೆ ಇನ್ನೊಂದು ತರಬಹುದು, ಬೆರಳಿಗೆ ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ.