ಪಾಪಡಿ ಅಂದರೆ ನಮ್ಮ ಅವರೆಕಾಯಿ

ನವರಂಗಪುರದ ಕನ್ನಡ ಮನೆಗಳ ಹುಡುಗ ಹುಡುಗಿಯರೆ, ತರಕಾರಿಯನ್ನು ನೀವು ಫೋನಿನಲ್ಲೇ ತರಿಸಿಬಿಡುತ್ತೀರಿ. ಮಾಣೆಕ್ ಚೌಕ್ ಎಂದರೆ ನಿಮಗೆ ರಾತ್ರಿಯ ಪಾವ್‌ಭಾಜಿ, ಅಷ್ಟೆ. ಈ ಚಳಿಗಾಲದಲ್ಲಿ ಒಮ್ಮೆ ಬೆಳಿಗ್ಗೆ ಚೀಲ ಹಿಡಿದು ಮಾರ್ಕೆಟ್ಟಿಗೆ ಹೋಗಿ ಬನ್ನಿ.

ಉತ್ತರಾಯಣದ ಊಂಧಿಯುವಿಗಾಗಿ ರಾಶಿ ಹಾಕಿರುವ ಸುರ್ತಿ ಪಾಪಡಿಯಲ್ಲಿ ಒಂದನ್ನು ಮುರಿದು ನೋಡಿ. ಅವರೆಯೇ! ಸಸ್ಯಶಾಸ್ತ್ರದ ಪ್ರಕಾರವೂ ಎರಡೂ ಒಂದೇ ಜಾತಿ. ಮೈಸೂರು, ಕೋಲಾರದ ಕಡೆಯೂ ಸಂಕ್ರಾಂತಿಯ ಹೊತ್ತಿಗೇ ಸೊಗಡಿನ ಅವರೆ ಬರುವುದು. ಅಲ್ಲಿ ಕಾಳು ಸುಲಿದು, ನೆನೆಸಿ, ಬೆರಳಲ್ಲಿ ಹಿತಕಿ ಬೇಳೆ ಸಾರು ಮಾಡುತ್ತಾರೆ. ಸೂರತ್ತಿನವರು ಎಳೆಯ ಕಾಯನ್ನೇ ಬೇಯಿಸುತ್ತಾರೆ. ನನ್ನ ಓಟು ಹಿತಕಿದ ಬೇಳೆಗೆ, ನೆರೆಮನೆಯ ಬೆನ್‌ಗಳು ಕ್ಷಮಿಸಲಿ!

ಸೂರತ್ತಿಗೆ ಹೋದರೆ ಪೋಂಕ್ ತಿನ್ನದೆ ಬರಬೇಡಿ. ಎಳೆ ಜೋಳದ ತೆನೆಯನ್ನು ಸುಟ್ಟು, ಬಡಿದು ಉದುರಿಸಿದ ಹಸಿರು ಕಾಳು, ಜೊತೆಗೆ ಸೇವ್. ಧಾರವಾಡ, ವಿಜಯಪುರದವರು ಇದನ್ನೇ ಸೀತನಿ ಎಂದು ಹೊಲದಲ್ಲಿ ಕುಳ್ಳಿನ ಬೆಂಕಿಗೆ ಹಿಡಿದು, ಅಂಗೈಯಲ್ಲಿ ತಿಕ್ಕಿ, ಬೆಲ್ಲ, ಶೇಂಗಾ ಚಟ್ನಿಯೊಡನೆ ತಿನ್ನುತ್ತಾರೆ.

ಸುವಾ ಎಂದರೆ ಸಬ್ಬಸಿಗೆ, ಗುವಾರ್ ಗೋರಿಕಾಯಿ, ಸರಗವೋ ನುಗ್ಗೆಕಾಯಿ. ಈ ಹೆಸರುಗಳು ಅಮ್ಮನ ಬಾಯಲ್ಲೇ ನಿಂತುಹೋದರೆ, ಊರಿನಿಂದ ಅಜ್ಜಿ ‘ಏನು ಅಡಿಗೆ?’ ಎಂದು ಕೇಳಿದಾಗ ನೀವು ಹಿಂದಿಯಲ್ಲಿ ಹೇಳುತ್ತೀರಿ; ಪಾಪ, ಅಜ್ಜಿ ‘ಹೂಂ’ ಎಂದು ಫೋನ್ ಇಡುತ್ತಾರೆ.

ಚೌಕಾಸಿ ಗುಜರಾತಿಯಲ್ಲೇ ಮಾಡಿ, ಆದರೆ ತೀರಾ ಎಳೆಯಬೇಡಿ. ಬೀದಿಯಲ್ಲಿ ಕೂತು ಮಾರುವ ಹೆಂಗಸರು ಆ ಜಾಗಕ್ಕಾಗಿ ಹೋರಾಡಿದವರು. ಇಳಾ ಭಟ್ಟರು 1972ರಲ್ಲಿ ‘ಸೇವಾ’ ಕಟ್ಟಿದ್ದು ಇದೇ ಅಹಮದಾಬಾದಿನಲ್ಲಿ. ನಾಲ್ಕೆಸಳು ಕೊತ್ತಂಬರಿ ಕೊಸರು ಕೇಳುವುದನ್ನು ಮಾತ್ರ ಬಿಡಬೇಡಿ.