ಓರೆ ಫ್ರೆಟ್ಟು, ಮಂದ್ರದ ಗುಟ್ಟು!

ಮೊದಲು ಒಂದು ಲೆಕ್ಕ. ಊಹಿಸಿ ನೋಡೋಣ!

ಮಾಮೂಲಿ ಬೇಸ್ ಗಿಟಾರಿಗೆ ನಾಲ್ಕು ತಂತಿ: ಇ, ಎ, ಡಿ, ಜಿ. ಕತ್ತಿನ ತುದಿಯ ನಟ್‌ನಿಂದ ಒಡಲ ಮೇಲಿನ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು. 1951ರಲ್ಲಿ ಲಿಯೋ ಫೆಂಡರ್ ತಮ್ಮ ಪ್ರಿಸಿಷನ್ ಬೇಸ್‌ಗೆ ಇಟ್ಟ ಅಳತೆ ಇದು. ಇಂದಿಗೂ ಇದೇ ವಾಡಿಕೆ! ಎಲ್ಲಕ್ಕಿಂತ ದಪ್ಪಗಿನ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ.

ಈಗ ಅದೇ ತಂತಿ, ಅದೇ ಬಿಗಿತ. ಸ್ವರ ಮಾತ್ರ ಕೆಳಗಿನ ಬಿ ಬೇಕು. ಇ ಷಡ್ಜವಾದರೆ ಬಿ ಅದರ ಮಂದ್ರ ಪಂಚಮ. ತಂಬೂರಿಯಲ್ಲಿ ಮೊದಲು ಮೀಟುವ ಪಂಚಮಕ್ಕೂ ಅದರ ಮುಂದಿನ ಷಡ್ಜಕ್ಕೂ ಇರುವಷ್ಟೇ ದೂರ. ಅಷ್ಟೇ!

ತಂತಿ ಎಷ್ಟು ಉದ್ದ ಆಗಬೇಕು? 35 ಇಂಚು? 36? ಹೋಗಲಿ, 38?

45 ಇಂಚು!

ನಿಂತು ನುಡಿಸುವ ಆ ದೈತ್ಯ ಡಬಲ್ ಬೇಸ್ ಗೊತ್ತಲ್ಲ? ಅದರ ತಂತಿಯೇ ಸುಮಾರು 41-42 ಇಂಚು. ಅದನ್ನೂ ಮೀರಿತು!

ತಾಳಿ, ಇನ್ನೂ ಇಳಿಯೋಣ. ಕೆಲವು ಏಳು ತಂತಿಯ ಬೇಸ್‌ಗಳಲ್ಲಿ ಬಿ ಗಿಂತ ಕೆಳಗೆ ಎಫ್ ಶಾರ್ಪ್ ಇರುತ್ತದೆ. ಸೆಕೆಂಡಿಗೆ 23 ಕಂಪನ. ಅದಕ್ಕೆ 60 ಇಂಚಿಗೂ ಹೆಚ್ಚು ಬೇಕು. ಐದು ಅಡಿ! ಅದಕ್ಕೂ ಕೆಳಗಿನ ಸಿ ಶಾರ್ಪ್? 81 ಇಂಚು. ಆರೂಮುಕ್ಕಾಲು ಅಡಿ! ಗಿಟಾರು ನಿಮಗಿಂತ ಎತ್ತರ!

ಅಷ್ಟು ಕೆಳಗೆ ಯಾರಪ್ಪಾ ಇಳಿಯುತ್ತಾರೆ ಅಂದಿರಾ? ಇಳಿದವರಿದ್ದಾರೆ! ಆ ಸಿ ಶಾರ್ಪ್‌ಗೆಂದೇ ವಿಶೇಷ ತಂತಿ ಮಾಡಿಸಿಕೊಂಡವರಿದ್ದಾರೆ. ಅದರ ಕಂಪನ ಸೆಕೆಂಡಿಗೆ 17. ಮನುಷ್ಯರ ಕಿವಿ ಕೇಳುವುದು ಸುಮಾರು 20ರಿಂದ ಮೇಲಕ್ಕೆ. ಅಂದರೆ ಆ ತಂತಿಯ ಮೂಲ ಕಂಪನ ನಿಮ್ಮ ಕಿವಿಯ ಗಡಿಯಾಚೆಗೇ ಇದೆ!

ಈ ಹುಚ್ಚಿಗೆ ಹೆಸರು ಎಕ್ಸ್‌ಟೆಂಡೆಡ್ ರೇಂಜ್ ಬೇಸ್. ಹುಚ್ಚು ಹತ್ತಿಸಿದವರಲ್ಲಿ ಮೊದಲ ಹೆಸರು ಬೇಸ್ ವಾದಕ ಆಂಥನಿ ಜಾಕ್ಸನ್. ಅವರ ತರ್ಕ ಸರಳ: ಬೇಸ್ ಗಿಟಾರ್ ಎಂದರೆ ಗಿಟಾರ್ ಕುಟುಂಬದ ಮಂದ್ರ ಸದಸ್ಯ. ಗಿಟಾರಿಗೆ ಆರು ತಂತಿ. ಇದಕ್ಕೆ ಮಾತ್ರ ಯಾಕೆ ನಾಲ್ಕು?

1975ರಲ್ಲಿ ವಾದ್ಯ ತಯಾರಕ ಕಾರ್ಲ್ ಥಾಂಪ್ಸನ್ ಅವರಿಂದ ಆರು ತಂತಿಯ ಬೇಸ್ ಮಾಡಿಸಿಯೇಬಿಟ್ಟರು! ಕೆಳಗೊಂದು ಬಿ, ಮೇಲೊಂದು ಸಿ. ಅದನ್ನು ಅವರು ಕರೆದದ್ದು ಕಾಂಟ್ರಾಬೇಸ್ ಗಿಟಾರ್ ಎಂದು. 24 ಫ್ರೆಟ್‌ಗಳ (ವೀಣೆಯ ಮೆಟ್ಟಿಲಿನಂಥ ಪಟ್ಟಿಗಳ) ಇಂಥ ವಾದ್ಯ 31 ಹರ್ಟ್ಜ್‌ನಿಂದ 523 ಹರ್ಟ್ಜ್‌ವರೆಗೆ ಏರುತ್ತದೆ. ನಾಲ್ಕು ಸ್ಥಾಯಿ ದಾಟಿತು! ಆಮೇಲೆ ಏಳು ಬಂತು, ಒಂಬತ್ತು ಬಂತು, ಹನ್ನೆರಡೂ ಬಂತು!

ಸರಿ, ಬಿ ಗೆ 45 ಇಂಚು ಬೇಕು. ಆದರೆ ಕೆಳಗಿನ ಬಿ ಸೇರಿಸಿದ ಐದು ತಂತಿಯ ಬೇಸ್‌ಗಳಲ್ಲಿ ಬಹುಪಾಲು ಇಂದಿಗೂ 34 ಇಂಚಿನವೇ. ಹೇಗೆ?

ತಂತಿಯನ್ನು ದಪ್ಪ ಮಾಡಿದರು. ಇ ತಂತಿ ಸುಮಾರು 2.7 ಮಿಲಿಮೀಟರ್, ಬಿ ತಂತಿ 3.3. ಸಮಸ್ಯೆ ಮುಗಿಯಿತೇ? ಶುರುವಾಯಿತು! ದಪ್ಪ ತಂತಿ ಗಡಸು. ಗಡಸು ತಂತಿ ಸಲೀಸಾಗಿ ಬಾಗದು. ಮೂಲ ಕಂಪನದ ಜೊತೆಗೇ ಹುಟ್ಟುವ ಅದರ ಮೇಲ್ಕಂಪನಗಳು ಇರಬೇಕಾದಲ್ಲಿ ಇರದೆ ಚೂರು ಚೂರೇ ಮೇಲಕ್ಕೆ ಸರಿಯುತ್ತವೆ. ಸ್ವರ ಮಸುಕಾಗುತ್ತದೆ. ಬೇಸ್ ನುಡಿಸುವವರನ್ನು ಕೇಳಿ: "ಬಿ ತಂತಿ ಸಡಿಲ, ಗೊಗ್ಗರು" ಎಂಬ ಗೊಣಗಾಟ ಗ್ಯಾರಂಟಿ!

ಮೇಲ್ಕಂಪನ ಕೊಂಚ ಸರಿದರೆ ಏನು ಮಹಾ ಅನ್ನುತ್ತೀರಾ? ನನ್ನನ್ನು ದಂಗುಬಡಿಸಿದ್ದು ಇದೇ!

ಬಿ ಯ ಮೂಲ ಕಂಪನ 31. ಅದರ ಮೇಲೆ 62, 93, 124... ಸಾಲು ಸಾಲು. ನಿಮ್ಮ ಫೋನಿನ ಪುಟ್ಟ ಸ್ಪೀಕರಿಗೆ 31 ಹರ್ಟ್ಜ್ ಹೊರಡಿಸುವ ತಾಕತ್ತೇ ಇಲ್ಲ. ಎಷ್ಟೋ ಬೇಸ್ ಆಂಪ್‌ಗಳೂ ಅಲ್ಲಿ ಸೋಲುತ್ತವೆ. ಆದರೂ ನಿಮಗೆ ಬಿ ಕೇಳಿಸುತ್ತದೆ! ಎಲ್ಲಿಂದ ಬಂತು?

ನಿಮ್ಮ ಮಿದುಳಿನಿಂದ! ಮೇಲಿನ ಸಾಲಿನ ಅಂತರ ನೋಡಿ, "ಓಹೋ, ಮೂಲ 31 ಇರಬೇಕು" ಎಂದು ಅದೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಇಲ್ಲದ ಸ್ವರ ತಲೆಯಲ್ಲಿ ಮೊಳಗುತ್ತದೆ! ಈಗ ಹೇಳಿ, ಆ ಸಾಲು ಅಂಕುಡೊಂಕಾದರೆ? ಮಿದುಳಿನ ಲೆಕ್ಕವೂ ತೊಡರುತ್ತದೆ. ಮಂದ್ರದ ಸ್ಪಷ್ಟತೆ ಇರುವುದು ಮೇಲ್ಕಂಪನಗಳ ಶಿಸ್ತಿನಲ್ಲಿ!

ಶಿಸ್ತು ಬೇಕೇ? ತಂತಿ ಉದ್ದ ಮಾಡಿ! ಜಾಕ್ಸನ್ ಕೂಡ ಆಮೇಲೆ 36 ಇಂಚಿಗೆ ಹೋದರು. ಆದರೆ ಎಲ್ಲ ತಂತಿಯನ್ನೂ ಉದ್ದ ಮಾಡಿದರೆ ಮೇಲಿನ ತೆಳು ತಂತಿಗಳು ವಿಪರೀತ ಬಿಗಿಯಾಗುತ್ತವೆ. ಕೆಳಗಿನದಕ್ಕೆ ಉದ್ದ ಬೇಕು, ಮೇಲಿನದಕ್ಕೆ ಬೇಡ! ಪಿಯಾನೊದ ಮುಚ್ಚಳ ತೆರೆದು ನೋಡಿ. ಸ್ವರಮಂಡಲ ನೋಡಿ. ಮಂದ್ರಕ್ಕೆ ಉದ್ದ ತಂತಿ, ತಾರಕ್ಕೆ ಗಿಡ್ಡ. ಗಿಟಾರಿನಲ್ಲಿ ಮಾತ್ರ ಅದು ಹೇಗೆ ಸಾಧ್ಯ? ಫ್ರೆಟ್‌ಗಳು ಅಡ್ಡಗೆರೆ ಎಳೆದು ಕೂತಿವೆಯಲ್ಲ!

ಉತ್ತರ: ಫ್ರೆಟ್‌ಗಳನ್ನೇ ಓರೆ ಮಾಡಿ! ಬೀಸಣಿಗೆಯ ಕಡ್ಡಿಗಳಂತೆ!

ಇದೇ ಮಲ್ಟಿ-ಸ್ಕೇಲ್. ಅಮೆರಿಕದ ರಾಲ್ಫ್ ನೊವಾಕ್ 1989ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹೊಚ್ಚ ಹೊಸ ಉಪಾಯ, ಅಲ್ಲವೇ? ಅಲ್ಲ! 400 ವರ್ಷಗಳ ಹಿಂದೆಯೇ ಇಂಗ್ಲೆಂಡಿನ ಆರ್ಫೇರಿಯನ್ ಎಂಬ ತಂತಿವಾದ್ಯದಲ್ಲಿ ಓರೆ ಫ್ರೆಟ್‌ಗಳಿದ್ದವು!

ಬೇಸ್ ಲೋಕದಲ್ಲಿ ಇದನ್ನು ಮನೆಮಾತಾಗಿಸಿದ್ದು ಕೆನಡಾದ ಸಾಸ್ಕಟೂನ್ ಊರಿನ ಶೆಲ್ಡನ್ ಡಿಂಗ್‌ವಾಲ್. ಅವರ ಪ್ರಸಿದ್ಧ ಐದು ತಂತಿಯ ಬೇಸ್‌ಗಳಲ್ಲಿ ಬಿ ತಂತಿ 37 ಇಂಚು, ಜಿ ತಂತಿ 34.

ಬರೀ ಮೂರು ಇಂಚಿನಿಂದ ಏನಾದೀತು? ಊಹಿಸಿ! ಉದ್ದದ ವರ್ಗಕ್ಕೆ ತಕ್ಕಂತೆ ಬಿಗಿತ ಏರುತ್ತದೆ. ಅದೇ ತಂತಿ, ಅದೇ ಸ್ವರ, ಬಿಗಿತ ಮಾತ್ರ ಶೇಕಡಾ 18 ಜಾಸ್ತಿ! ಗೊಗ್ಗರು ಹೋಗಿ ಪಿಯಾನೊ ಬಂತು!

ಬೆರಳಿನ ಗತಿ ಏನು ಎಂಬ ಭಯವೇ? ಅಂಗೈ ಬಿಡಿಸಿ ನೋಡಿ. ಬೆರಳುಗಳು ತಾವಾಗಿಯೇ ಬೀಸಣಿಗೆಯಾಗಿ ಅರಳಿವೆ! 7ನೇ ಫ್ರೆಟ್ಟನ್ನು ನೇರವಾಗಿ ಇಟ್ಟರೆ ನಟ್ ಓರೆಯಾಗುವುದು ಒಂದೇ ಇಂಚು. ಉಳಿದ ಎರಡು ಇಂಚು ಬ್ರಿಡ್ಜ್ ಪಾಲು. ಬಿ ತಂತಿಯ ಮೊದಲ ಫ್ರೆಟ್‌ನ ಅಗಲ ಹೆಚ್ಚುವುದು ಬರೀ 4 ಮಿಲಿಮೀಟರ್!

ಹಾಗಾದರೆ ಗೆದ್ದವರು ಯಾರು? ಹೆಚ್ಚು ತಂತಿಯೋ, ಓರೆ ಫ್ರೆಟ್ಟೋ?

ಮಧುರ ರಾಗಗಳು, ಕಾರ್ಡ್‌ಗಳು, ಒಂದೇ ವಾದ್ಯದಲ್ಲಿ ಪಾತಾಳದಿಂದ ಆಕಾಶ ಬೇಕೇ? ಆರು ತಂತಿ ಹಿಡಿಯಿರಿ. ಕತ್ತು ಅಗಲ, ಮೀಟದ ತಂತಿಗಳ ಬಾಯಿ ಮುಚ್ಚಿಸುವ ಕೆಲಸ ದುಪ್ಪಟ್ಟು. ಒಂದೇ ಬಿ, ಆದರೆ ಕೆತ್ತಿದಂಥ ಬಿ ಬೇಕೇ? ಓರೆ ಫ್ರೆಟ್ ಹಿಡಿಯಿರಿ. ಆದರೆ ಮಾಮೂಲಿ ತಂತಿಯ ಸೆಟ್ ಸಾಲದೆ ಹೋಗಬಹುದು. ಉದ್ದದ ಸೆಟ್ ಹುಡುಕಬೇಕು.

ನನ್ನ ಮಾತು ನಂಬಬೇಡಿ. ವಾದ್ಯದಂಗಡಿಗೆ ಹೋಗಿ. ಬಿ ತಂತಿಯ 5ನೇ ಫ್ರೆಟ್ ಒತ್ತಿ ಮೀಟಿ. ಈಗ ಇ ತಂತಿಯನ್ನು ಏನೂ ಒತ್ತದೆ ಮೀಟಿ. ಸ್ವರ ಎರಡೂ ಒಂದೇ, 41 ಹರ್ಟ್ಜ್! 34 ಇಂಚಿನ ಬೇಸ್‌ನಲ್ಲಿ ಇವು ಎರಡು ಬೇರೆ ವಾದ್ಯಗಳಂತೆ ಕೇಳಿಸಿದರೆ ಬೆಚ್ಚಬೇಡಿ. ಆಮೇಲೆ 37-34 ಇಂಚಿನ ಓರೆ ಫ್ರೆಟ್ ಬೇಸ್ ಮೇಲೆ ಇದನ್ನೇ ಮಾಡಿ. ದಾಯಾದಿಗಳು ಅಣ್ಣತಮ್ಮಂದಿರಾಗಿರುತ್ತಾರೆ!

ಆಗ ಹೇಳಿ, ನಿಮಗೆ ಯಾವುದು ಬೇಕು? ಎರಡೂ ಬೇಕು ಎನ್ನುವ ಆಸೆಬುರುಕರೇ ನೀವು? ಸಂತೋಷಪಡಿ, ಆರು ತಂತಿಯ ಓರೆ ಫ್ರೆಟ್ ಬೇಸೂ ಉಂಟು!