ಒತ್ತಕ್ಷರದ ಲೆಕ್ಕ ತಪ್ಪುವುದೆಲ್ಲಿ?

ಟೆಕ್, ಟೈಪ್‌ಸ್ಟ್‌ನಂಥ ಅಕ್ಷರಜೋಡಣೆಯ ಭಾಷೆಗಳಲ್ಲಿ ಒಂದು ಪದಕ್ಕೆ ಎಷ್ಟು ಜಾಗ ಬೇಕೆಂದು ಮೊದಲೇ ಕೇಳಿ ತಿಳಿಯಬಹುದು. ಶೀರ್ಷಿಕೆಗೆ ಚೌಕಟ್ಟು ಹಾಕಲು, ಕೋಷ್ಟಕದ ಕಾಲಂ ಹೊಂದಿಸಲು ಈ ಅಳತೆ ಬೇಕೇ ಬೇಕು. ಬರುವ ಸಂಖ್ಯೆ ಸುಳ್ಳಲ್ಲ. ಅದು ಯಾವುದರ ಸಂಖ್ಯೆ ಎಂಬಲ್ಲೇ ಗೊಂದಲ.

12 ಪಾಯಿಂಟ್ ಅಕ್ಷರ 12 ಪಾಯಿಂಟ್ ಎತ್ತರ ಇರುತ್ತದೆಂಬ ನಂಬಿಕೆ ಹಳೆಯದು. ಸೀಸದ ಅಚ್ಚುಮೊಳೆಗಳ ಕಾಲದಲ್ಲೂ ಪಾಯಿಂಟ್ ಮೊಳೆಯ ಒಡಲಿನ ಅಳತೆಯಾಗಿತ್ತೇ ಹೊರತು ಅದರ ಮೇಲಿನ ಅಕ್ಷರದ್ದಲ್ಲ. ಒಂದೇ ಪಾಯಿಂಟಿನ ಎರಡು ಕನ್ನಡ ಫಾಂಟುಗಳಲ್ಲಿ ಒಂದು ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಕಾಣುವುದು ಇದರಿಂದಲೇ. ಪಾಯಿಂಟೂ ಎಲ್ಲೆಡೆ ಒಂದೇ ಅಲ್ಲ: ಅಂಗುಲಕ್ಕೆ ಟೆಕ್‌ನಲ್ಲಿ 72.27, ಟೈಪ್‌ಸ್ಟ್‌ನಲ್ಲಿ 72.

ಅಕ್ಷರ ಎಣಿಸಿ ಅಗಲ ಹೇಳುವವರೂ ಇದ್ದಾರೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯೂನಿಕೋಡ್‌ಗೆ 6 ಸಂಕೇತ. ಒತ್ತು, ದೀರ್ಘ ಎಲ್ಲ ತಮ್ಮ ಜಾಗದಲ್ಲಿ ಕೂತಮೇಲಷ್ಟೇ ಅಗಲ ಗೊತ್ತಾಗುವುದು.

ಕನ್ನಡಿಗರನ್ನು ನಿಜವಾಗಿ ಕಾಡುವುದು ಎತ್ತರ. ಟೈಪ್‌ಸ್ಟ್‌ನ ‘ಮೆಷರ್’ ಎಂಬ ಅಳತೆಯ ಆಜ್ಞೆಗೆ ‘ಮರ’ ಕೊಡಿ, ‘ರಕ್ತ’ ಕೊಡಿ. ಫಾಂಟ್ ಒಂದೇ ಆದರೆ ಎತ್ತರವೂ ಒಂದೇ ಬರುತ್ತದೆ. ಹಾಗಾದರೆ ತ-ಒತ್ತು ಎಲ್ಲಿ ಹೋಯಿತು? ನಾವು ಬದಲಿಸದಿದ್ದರೆ ಟೈಪ್‌ಸ್ಟ್ ಅಳೆಯುವುದು ಅಕ್ಷರಗಳು ಕೂರುವ ಅಡಿಗೆರೆಯಿಂದ ಇಂಗ್ಲಿಷಿನ ದೊಡ್ಡಕ್ಷರದ ತಲೆಯವರೆಗೆ ಮಾತ್ರ. ಈ ಎರಡೂ ಗಡಿಗಳನ್ನು ಫಾಂಟ್ ಹೇಳುತ್ತದೆ. ಮಸಿ ಎಲ್ಲಿಯವರೆಗೆ ಹರಡಿದೆಯೆಂದು ಯಾರೂ ನೋಡುವುದಿಲ್ಲ. ಇಂಗ್ಲಿಷಿಗೆ ಇದು ಹೇಗೋ ನಡೆದೀತು. ಕನ್ನಡದ ಶೀರ್ಷಿಕೆಗೆ ಹಿನ್ನೆಲೆ ಬಣ್ಣ ಹಾಕಿದರೆ ಒತ್ತುಗಳು ಬಣ್ಣದ ಪಟ್ಟಿಯಿಂದ ಕೆಳಗೆ ಇಣುಕುತ್ತವೆ. ಕೆಳಗಿನ ಗಡಿ ಗೊತ್ತುಮಾಡುವ ‘ಬಾಟಮ್-ಎಡ್ಜ್’ ಅನ್ನು ‘ಬೌಂಡ್ಸ್’ (ಮಸಿಯ ಅಂಚು) ಮಾಡಿದರೆ ಒತ್ತೂ ಲೆಕ್ಕಕ್ಕೆ ಬರುತ್ತದೆ. ಆದರೆ ಆಗ ಒತ್ತಿರುವ ಸಾಲಿಗೊಂದು ಎತ್ತರ, ಇಲ್ಲದ ಸಾಲಿಗೊಂದು. ಕೋಷ್ಟಕಗಳಿಗೆ ನನ್ನ ಆಯ್ಕೆ ‘ಡಿಸೆಂಡರ್’, ಅಂದರೆ ಅಡಿಗೆರೆಯ ಕೆಳಗೆ ಫಾಂಟೇ ಹೇಳುವ ಗಡಿ: ಫಾಂಟ್ ಮಾಡಿದವರು ಒತ್ತಿಗೆ ಸಾಕಷ್ಟು ಜಾಗ ಬಿಟ್ಟಿದ್ದರೆ ಎಲ್ಲ ಸಾಲೂ ಸಮನಾಗಿ ನಿಲ್ಲುತ್ತವೆ.

ಡೊನಾಲ್ಡ್ ಕನೂತ್ ರೂಪಿಸಿದ ಟೆಕ್ ಈ ವಿಷಯದಲ್ಲಿ ಹೆಚ್ಚು ಮುಚ್ಚುಮರೆಯಿಲ್ಲದ್ದು. ಅದು ಮೂರು ಸಂಖ್ಯೆ ಕೊಡುತ್ತದೆ: ಅಗಲ, ಅಡಿಗೆರೆಯ ಮೇಲಿನ ಎತ್ತರ, ಕೆಳಗಿನ ಆಳ. ಎತ್ತರವನ್ನಷ್ಟೇ ಹಿಡಿದು ಆಳವನ್ನು ಕೂಡಿಸದೆ ಬಿಟ್ಟರೆ ದೋಷ ನಮ್ಮದೇ.

ಅಳೆದದ್ದೇ ಪುಟದಲ್ಲಿ ಬರುವ ಗಾತ್ರ ಎಂಬುದು ಕೊನೆಯ ಭ್ರಮೆ. ಅಗಲ ಹೇಳದಿದ್ದರೆ ಟೈಪ್‌ಸ್ಟ್‌ನ ಮೆಷರ್ ಕೊನೆಯೇ ಇಲ್ಲದ ಹಾಳೆಯನ್ನು ಊಹಿಸಿಕೊಂಡು ಇಡೀ ಪ್ಯಾರಾವನ್ನು ಒಂದೇ ಸಾಲಾಗಿ ಅಳೆಯುತ್ತದೆ. ಇರುವ ಜಾಗ ತಿಳಿಸುವ ‘ಲೇಔಟ್’ನಿಂದ ಕಾಲಮ್ಮಿನ ಅಗಲ ಪಡೆದು ಮೆಷರ್‌ಗೆ ಕೊಟ್ಟರೆ ಸಾಲುಗಳು ಮುರಿದು ಸರಿಯಾದ ಎತ್ತರ ಸಿಗುತ್ತದೆ.